ನಾಲ್ಕನೆಯ ಪ್ರತಿ

ಏಳು ವರ್ಷದ ಹಿಂದೆ ವುರ್ಯಾನಿ ಒಂದು ಮಾತು ಕೊಟ್ಟಿದ್ದಳು.

"ನಿಮ್ಮ ಮಗಳ ಮದುವೆಯೊಳಗೆ ನಿಮ್ಮ ದನಿ ಎಲ್ಲೂ ಉಳಿಯದ ಹಾಗೆ ಅಳಿಸ್ತೀನಿ, ಬು ಲಾಸ್ಮಿ. ಅಳಿಸಿ, ನಾನೇ ಬಂದು ನಿಮ್ಮ ಮುಂದೆ ನಿಂತು ಹೇಳ್ತೀನಿ."

ಆಗ ಅವಳು ಸೆಮರಾಂಗ್ ಬಂದರಿನ ಹತ್ತಿರದ ಸಂಘವೊಂದಕ್ಕೆ ಹೊಸದಾಗಿ ಸೇರಿದ್ದಳು. ಮನೆಗೆಲಸಕ್ಕೆಂದು ಕಡಲಾಚೆ ಹೋಗಿ, ಪೆಟ್ಟು ತಿಂದು ಮರಳಿದ ಹೆಂಗಸರ ಮಾತನ್ನು ಕೋರ್ಟಿಗಾಗಿ ದಾಖಲು ಮಾಡಿಕೊಳ್ಳುವುದು ಆ ಸಂಘದ ಕೆಲಸ. ಸದ್ದು ಬೀಳುತ್ತದೆಂದು ಫ್ಯಾನು ನಿಲ್ಲಿಸಿದ್ದ ಕೋಣೆಯಲ್ಲಿ ಕೂತು ಲಾಸ್ಮಿ ಒಂದು ಗಂಟೆ ಹತ್ತು ನಿಮಿಷ ಮಾತಾಡಿದ್ದಳು. ಆ ಪರದೇಶದ ಮನೆಯಲ್ಲಿ ನಡೆದದ್ದನ್ನು ಹೆತ್ತ ತಾಯಿಗೂ ಹೇಳಿರಲಿಲ್ಲವಂತೆ. ಮುಗಿದ ಮೇಲೆ ತಲೆವಸ್ತ್ರದ ಸೆರಗಿನಿಂದ ಕತ್ತು ಒರೆಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ಇದು ಎಷ್ಟು ದಿನ ಇರತ್ತೆ, ಮ್ಬಾಕ್? ನನ್ನ ಮಗಳು ಇದನ್ನ ಯಾವತ್ತೂ ಕೇಳಬಾರದು." ಅಕ್ಕ ಎಂದು ಕರೆದ ಆ ಮ್ಬಾಕ್‌ಗೆ, ಅಮ್ಮ ಎನ್ನುವ ಬು ಸೇರಿಸಿ ಕೊಟ್ಟ ಉತ್ತರವೇ ಆ ಮಾತು.

ಕೇಸು ಮುಗಿದು ಏಜೆಂಟನಿಗೆ ಶಿಕ್ಷೆಯಾಯಿತು. ಉಳಿದ ಹೆಂಗಸರೆಲ್ಲ "ಇರಲಿ, ಮುಂದಿನವರಿಗೆ ಗೊತ್ತಾಗಲಿ" ಎಂದು ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಿದರು. ಲಾಸ್ಮಿ ಒತ್ತಲಿಲ್ಲ. ಈಗ ಸಂಘವೇ ಮುಚ್ಚುತ್ತಿದೆ. ಅದರ ದಾಖಲೆಗಳಿರುವ ಕ್ಲೌಡ್ ಖಾತೆ ಇದ್ದದ್ದು ಇದ್ದ ಹಾಗೆ ರಾಜಧಾನಿಯ ಒಂದು ಸಂಶೋಧನಾ ಸಂಸ್ಥೆಗೆ ಹೋಗಬೇಕು. ಶುಕ್ರವಾರ ಸಂಜೆ ಐದಕ್ಕೆ ಬೀಗದ ಕೈ ಆ ಕಡೆಗೆ. ಆಮೇಲೆ ವುರ್ಯಾನಿ ಒಂದಕ್ಷರ ಅಳಿಸುವಂತಿಲ್ಲ. ಲಾಸ್ಮಿಯ ಮಗಳು ಕಿನಾಂತಿಯ ಮದುವೆ ಶನಿವಾರ.

ಕ್ಲೌಡು, ಮೋಡ ಎಂದು ಹೆಸರಿಟ್ಟವರು ಯಾರೋ. ಅದಕ್ಕೆ ಮೋಡದ ಹಗುರ ಒಂದಿಷ್ಟೂ ಇಲ್ಲ. ಬೇರೆಯವರ ಉಗ್ರಾಣದಲ್ಲಿ ಬಾಡಿಗೆಗೆ ಹಿಡಿದ ಮೂಲೆ ಅದು, ಅಷ್ಟೇ. ಉಗ್ರಾಣಗಳು ಸಿಂಗಾಪುರದಲ್ಲಿವೆ, ಟೋಕಿಯೋದಲ್ಲಿವೆ, ಫ್ರಾಂಕ್‌ಫರ್ಟಿನಲ್ಲಿವೆ. ಒಂದೊಂದಕ್ಕೂ ವಲಯ ಎಂದು ಹೆಸರು. ಒಂದು ವಲಯದ ಬಾಗಿಲಲ್ಲಿ ನಿಂತರೆ ಇನ್ನೊಂದರ ಒಳಗಿರುವುದು ಕಾಣುವುದಿಲ್ಲ.

ಬುಧವಾರ ಬೆಳಿಗ್ಗೆ ಅವಳು ಸಿಂಗಾಪುರದ ಮುಖ್ಯ ಸಂಗ್ರಹದಿಂದ ಲಾಸ್ಮಿಯದಾದ ನಲವತ್ತೊಂದನೆಯ ದಾಖಲೆಯನ್ನು, ಅದರ ಹಳೆಯ ರೂಪಗಳ ಸಮೇತ, ಅಳಿಸಿದಳು. ಅಷ್ಟಕ್ಕೇ ಮುಗಿದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಮೊದಲು ಈ ದನಿಗಳೆಲ್ಲ ಈಗ ಇಲ್ಲದ ಒಂದು ಡಿಸ್ಕಿನಲ್ಲಿದ್ದವು. ಆ ಡಿಸ್ಕಿನ ಇಡಿಯ ಪ್ರತಿಗಳನ್ನು ಎಲ್ಲರೂ ಪಾಕ್, ಅಪ್ಪ, ಎನ್ನುತ್ತಿದ್ದ ದಾರ್ಸೊನೊ ಆಗಾಗ ಮಾಡಿ ಬೇರೆ ಬೇರೆ ಕಡೆ ಇಟ್ಟಿದ್ದರು. ಈ ವ್ಯವಸ್ಥೆ ಕಟ್ಟಿದವರೇ ಅವರು. ನಿವೃತ್ತರಾಗಿ ಎರಡು ವರ್ಷ. ಒಪ್ಪಿಗೆ ಕೊಟ್ಟವರ ದನಿಗಳು ಮುಖ್ಯ ಸಂಗ್ರಹದಲ್ಲಿ ಭದ್ರವಾಗಿದ್ದುದರಿಂದ ಹಳೆಯ ಪ್ರತಿಗಳು ಯಾರಿಗೂ ಬೇಕಿರಲಿಲ್ಲ. ಆದರೆ ಪ್ರತಿಯೊಂದರ ಹೊಟ್ಟೆಯಲ್ಲೂ ಲಾಸ್ಮಿಯ ದನಿ ಇತ್ತು.

ದಾರ್ಸೊನೊ ಬಿಟ್ಟುಹೋದ ನೋಟ್‌ಬುಕ್ಕಿನಲ್ಲಿ "ಡಿಸ್ಕಿನ ಪ್ರತಿಗಳು: ನಾಲ್ಕು" ಎಂದಿತ್ತು. ಕೆಳಗೆ, ಜಾವಾದ ಹಳೆಯ ಲೆಕ್ಕದಂತೆ, ವಾರದ ಜೊತೆ ಸಂತೆಯ ದಿನ ಸೇರಿಸಿ ನಾಲ್ಕು ದಿನಗಳು: ಸೆನಿನ್ ಪಾಹಿಂಗ್, ರಾಬು ವಾಗೆ, ಜುಮಾತ್ ಲೆಗಿ, ಸೆಲಾಸಾ ಕ್ಲಿವೊನ್. ಯಾವ ಊರಲ್ಲಿಟ್ಟೆ ಎಂಬುದು ಮಾತ್ರ ಇರಲಿಲ್ಲ.

"ಊರು ಬರೀದೆ ವಾರ ಬರೆದಿದ್ದಾರಲ್ಲ! ಇದೇನು ಡಿಸ್ಕಾ, ಹೆತ್ತ ಕೂಸಿನ ಜಾತಕಾನಾ?" ಎಂದಳು ರೊತುವಾ.

ರೊತುವಾ ಜಾವಾದವಳಲ್ಲ, ಮೇದಾನ್ ಊರಿನ ಬಾತಾಕ್ ಜನಾಂಗದ ಹೆಣ್ಣು. ಪಿಸುಗುಟ್ಟಿದರೂ ಪಕ್ಕದ ಗಲ್ಲಿಗೆ ಕೇಳುವ ಗಂಟಲು. ಖಾತೆಯ ಹಸ್ತಾಂತರ ಅವಳದೇ ಹೊಣೆ. ಮುಖ್ಯ ಬೀಗದ ಕೈಯೂ ಅವಳ ಬಳಿಯೇ.

ವುರ್ಯಾನಿ ಪ್ರೋಗ್ರಾಂ ಬರೆಯಲು ಕೂತಳು. ಅದು ಮೊದಲು ಕ್ಲೌಡನ್ನೇ ಕೇಳುತ್ತದೆ: ನಿನ್ನ ಹತ್ತಿರ ಯಾವ ಯಾವ ವಲಯಗಳಿವೆ? ಬಂದ ಪಟ್ಟಿ ಹಿಡಿದು ಪ್ರತಿ ವಲಯದಲ್ಲೂ ಒಂದೊಂದು ಸೂಚಿಯನ್ನು ಚಾಲೂ ಮಾಡುತ್ತದೆ. ಯಂತ್ರ, ಡಿಸ್ಕು, ಪ್ರತಿ, ಏನೇ ಇದ್ದರೂ ಸೂಚಿ ಅದನ್ನು ಬರೆದುಕೊಳ್ಳುತ್ತದೆ. ಆಮೇಲೆ ಎಲ್ಲ ಸೂಚಿಗಳೂ ಸಿಂಗಾಪುರದ ಮುಖ್ಯ ಸೂಚಿಗೆ ಬಂದು ಸೇರುತ್ತವೆ. ಅಲ್ಲಿ ಒಂದು ಸಲ ಹುಡುಕಿದರೆ ಲೋಕವೆಲ್ಲ ಹುಡುಕಿದಂತೆ.

ಹದಿನೇಳು ವಲಯ. ಸಿಕ್ಕಿದ್ದು ಮೂರು ಪ್ರತಿ: ಒಂದು ಸಿಂಗಾಪುರ, ಒಂದು ಟೋಕಿಯೋ, ಒಂದು ಫ್ರಾಂಕ್‌ಫರ್ಟು. ಮೂರರ ತಾರೀಖೂ ನೋಟ್‌ಬುಕ್ಕಿನ ಮೊದಲ ಮೂರು ದಿನಗಳಿಗೆ ಹೊಂದಿತ್ತು; ಮೂರನ್ನೂ ಅಳಿಸಿದಳು. ಅಂಟಿಸಿದ ಗುರುತುಚೀಟಿಯಿಂದ ಹುಡುಕಿದ್ದನ್ನು ಬಿಟ್ಟು, ಗುರುತೇ ಇಲ್ಲದವೂ ಸಿಗಲೆಂದು ಡಿಸ್ಕಿನ ಪ್ರತಿ ಎಂಬ ಬಗೆಯಿಂದಲೇ ಹುಡುಕಿದಳು. ನಾಲ್ಕನೆಯದು ಇಲ್ಲ. ಸೂಚಿಯನ್ನೇ ನಂಬದೆ ಒಂದೊಂದು ವಲಯಕ್ಕೂ ನೇರವಾಗಿ ಹೋಗಿ ಕೇಳುವಂತೆ ಪ್ರೋಗ್ರಾಂ ತಿದ್ದಿದಳು. ಹದಿನೇಳು ಕಡೆಯಿಂದಲೂ ಒಂದೇ ಉತ್ತರ: ಸೊನ್ನೆ.

"ಮುದುಕಪ್ಪ ತಪ್ಪು ಎಣಿಸಿರಬೇಕು," ಎಂದಳು ರೊತುವಾ, ಕರಿದ ತೋಫು ಅಗಿಯುತ್ತ.

"ಪಾಕ್ ದಾರ್ಸೊನೊ ತಪ್ಪು ಎಣಿಸೋರಲ್ಲ."

"ಹಾಗಾದ್ರೆ ಫೋನ್ ಹಚ್ಚಿ ಕೇಳು. 'ಎಲ್ಲಿಟ್ಟಿದ್ದೀರಿ ಸ್ವಾಮಿ, ನಾಲ್ಕನೇದು?' ಅಂತ. ಅರ್ಧ ನಿಮಿಷದ ಕೆಲಸ."

ವುರ್ಯಾನಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕೆಲಸ ಕಲಿಸಿದ ಹಿರಿಯರಿಗೆ ಫೋನು ಮಾಡಿ 'ನೀವಿಟ್ಟದ್ದು ಸಿಗುತ್ತಿಲ್ಲ' ಎನ್ನುವುದೂ 'ನೀವು ತಪ್ಪು ಮಾಡಿದಿರಿ' ಎನ್ನುವುದೂ ಜಾವಾದವರ ಕಿವಿಗೆ ಒಂದೇ. ಅದಕ್ಕಿಂತ ಹದಿನೇಳು ವಲಯವನ್ನು ಹದಿನೇಳು ಸಲ ಗುಡಿಸುವುದು ಲೇಸು.

"ಗೊತ್ತಾಯ್ತು ಬಿಡು," ಎಂದಳು ರೊತುವಾ. "ನಿಮ್ಮ ಜಾವಾದವರ ಈ ದಾಕ್ಷಿಣ್ಯ! ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಸಿಗಲ್ಲ, ಮ್ಬಾಕ್. ನಿನ್ನ ಮರ್ಯಾದೆ ಉಳಿಸೋಕೆ ಆ ಹೆಂಗಸಿನ ಮಾನ ಅಡ ಇಡ್ತೀಯಾ?"

ಆ ಮಾತು ಸರಿಯಾಗಿಯೇ ನಾಟಿತು. ಗುರುವಾರ ಬೆಳಿಗ್ಗೆ ಮಗಳ ಊಟದ ಡಬ್ಬಿ ಕಟ್ಟಿಕೊಟ್ಟು, ಉಬ್ಬರದ ನೀರು ನಿಂತ ಗಲ್ಲಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿ, ವುರ್ಯಾನಿ ಉಂಗಾರಾನಿನ ಬಸ್ಸು ಹತ್ತಿದಳು. ಫೋನಿನಲ್ಲಿ ಕೇಳಲಾರಳು. ಎದುರು ಕೂತಾದರೂ ಕೇಳಲೇಬೇಕು.

ದಾರ್ಸೊನೊ ಬೆಟ್ಟದ ಬುಡದ ಮನೆಯಂಗಳದಲ್ಲಿ ಪೆರ್ಕುತುತ್ ಹಕ್ಕಿಯ ಪಂಜರವನ್ನು ಎತ್ತರದ ಕಂಬಕ್ಕೆ ಏರಿಸುತ್ತಿದ್ದರು. ಇವಳನ್ನು ಕಂಡು ಮುಖ ಅರಳಿತು. ಸಕ್ಕರೆ ಸುರಿದ ಚಹಾ ಬಂತು, ಬೇಯಿಸಿದ ಕಡಲೆಕಾಯಿ ಬಂತು. ಹಕ್ಕಿಯ ಕೊರಳಿನ ಮಾತಾಯಿತು, ಮಂಡಿನೋವಿನ ಮಾತಾಯಿತು, ಸಂಘ ಮುಚ್ಚುವ ಮಾತೂ ಬಂದು ಹೋಯಿತು. ಮುಕ್ಕಾಲು ಗಂಟೆ. ಎರಡು ಸಲ ನಾಲಿಗೆಯ ತುದಿಗೆ ಬಂದ ಪ್ರಶ್ನೆಯನ್ನು ವುರ್ಯಾನಿ ಚಹಾದ ಜೊತೆ ನುಂಗಿದಳು. ಮೂರನೆಯ ಸಲ ಲೋಟ ಕೆಳಗಿಟ್ಟಳು.

"ಪಾಕ್, ಕ್ಷಮಿಸಬೇಕು. ಸೆಲಾಸಾ ಕ್ಲಿವೊನ್ ದಿನ ಮಾಡಿದ ಪ್ರತಿ ಎಲ್ಲಿದೆ? ಹದಿನೇಳು ವಲಯ ಹುಡುಕಿದೆ. ನಂಗೆ ಸಿಗ್ತಿಲ್ಲ. ನಾಳೆ ಐದರೊಳಗೆ ಸಿಗಲಿಲ್ಲ ಅಂದ್ರೆ ಬು ಲಾಸ್ಮಿ ದನಿ ಬೇರೆಯವರ ಪಾಲಾಗತ್ತೆ."

ಮುದುಕರ ಕೈ ಪಂಜರದ ಹಗ್ಗದ ಮೇಲೆ ನಿಂತಿತು. ಹಕ್ಕಿ ಎರಡು ಸಲ ಕೂಗಿತು.

"ಹದಿನೇಳರಲ್ಲಿ ಮನೆ ಇತ್ತಾ, ನ್ದುಕ್?" ಎಂದರು, ಮಗಳನ್ನು ಕರೆಯುವ ಮಾತಿನಲ್ಲಿ.

"ಯಾವ ಮನೆ, ಪಾಕ್?"

"ನಮ್ಮನೇನೇ. ಜಕಾರ್ತಾ."

ವುರ್ಯಾನಿ ಪಟ್ಟಿಯನ್ನು ಮನಸ್ಸಲ್ಲೇ ಓದಿಕೊಂಡಳು. ಸ್ಟಾಕ್‌ಹೋಮು ಇತ್ತು, ಸಾವೊ ಪೌಲೊ ಇತ್ತು, ಮುಂಬಯಿ ಇತ್ತು. ಜಕಾರ್ತಾ ಇರಲಿಲ್ಲ. ಇಲ್ಲದ್ದು ಇಲ್ಲವೆಂದು ಅವಳಿಗೆ ಹೊಳೆದೂ ಇರಲಿಲ್ಲ.

"ನಮ್ಮ ದೇಶದಲ್ಲೇ ಉಗ್ರಾಣ ಆಯ್ತಲ್ಲ, ಆ ವರ್ಷ," ಎಂದರು ದಾರ್ಸೊನೊ ನಿಧಾನವಾಗಿ. "ನಂಗೆ ಹಿಗ್ಗು ಅಂದ್ರೆ ಹಿಗ್ಗು. ಇಷ್ಟು ವರ್ಷ ನಮ್ಮ ಸಾಮಾನು ಪಕ್ಕದ ಮನೇಲಿಟ್ಟು ಬದುಕಿದ್ವಿ ನೋಡು. ಅರಿಸಿನದನ್ನದ ತುಂಪೆಂಗ್ ಮಾಡಿಸಿ ಆಫೀಸಿಗೆಲ್ಲ ಹಂಚಿದ್ದೆ, ನೀನು ಬಾಣಂತನಕ್ಕೆ ಹೋಗಿದ್ದೆ. ಆ ವಲಯ ತಾನಾಗೇ ತೆರೆದಿರಲ್ಲ, ಬೇಕು ಅಂತ ಕೇಳಿದವರಿಗೆ ಮಾತ್ರ. ಒಳ್ಳೇ ದಿನ ಕಾದು, ಸೆಲಾಸಾ ಕ್ಲಿವೊನ್‌ಗೆ ತೆರೆಸಿ, ಮೊದಲ ಪ್ರತಿ ಇಟ್ಟೆ. ನಾಲ್ಕು ತಿಂಗಳಿಗೆ ಮೇಲಿನವರ ಅಪ್ಪಣೆ ಬಂತು, ಇನ್ಮೇಲೆ ಎಲ್ಲ ಸಿಂಗಾಪುರದಲ್ಲೇ ಇರಲಿ ಅಂತ. ನಂಗೆ ಬೇಜಾರಾಗಿ ಬಾಗಿಲು ಹಾಕಿಬಿಟ್ಟೆ."

"ಒಳಗಿದ್ದದ್ದು?"

"ಒಳಗೇ ಇದೆ. ಬಾಗಿಲು ಹಾಕಿದ್ರೆ ಸಾಮಾನು ಎಲ್ಲಿಗೆ ಹೋಗತ್ತೆ?" ಅವರು ಹಗ್ಗವನ್ನು ಕಂಬಕ್ಕೆ ಸುತ್ತಿ ಗಂಟು ಹಾಕಿದರು. "ತೆಗೆದು ಮುಚ್ಚಬೇಕಿತ್ತು. ತಪ್ಪು ನಂದೇ, ನ್ದುಕ್. ನೀನು ಬಂದು ಕೇಳಿದ್ದು ಒಳ್ಳೇದಾಯ್ತು."

ಏಳು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ವುರ್ಯಾನಿ ಬಗ್ಗಿ ಅವರ ಕೈಯನ್ನು ಹಣೆಗೊತ್ತಿಕೊಂಡು ಎದ್ದಳು. ಅವರು ಕಡಲೆಕಾಯಿಯನ್ನು ಕಾಗದದಲ್ಲಿ ಕಟ್ಟಿ ಅವಳ ಚೀಲಕ್ಕೆ ತುರುಕಿದರು.

ಬಸ್ಸಿನಲ್ಲಿ ಕೂತು ಯೋಚಿಸಿದಳು. ಪ್ರೋಗ್ರಾಂ ಸುಳ್ಳು ಹೇಳಿರಲಿಲ್ಲ. ಯಾವ ವಲಯಗಳಿವೆ ಎಂದು ಕೇಳಿದ್ದಕ್ಕೆ ಕ್ಲೌಡು ತೆರೆದ ಬಾಗಿಲುಗಳನ್ನಷ್ಟೇ ಎಣಿಸಿ ಕೊಟ್ಟಿತ್ತು. ಮುಚ್ಚಿದವನ್ನೂ ಸೇರಿಸಿ ಹೇಳು ಎಂದು ಇವಳು ಕೇಳಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ರೊತುವಾ ಕೇಳಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಂತಿತು.

"ತಾಳು ತಾಳು. ನಾನು ಹದಿನೇಳು ವಲಯ ಅಂತ ಹಸ್ತಾಂತರದ ಪತ್ರಕ್ಕೆ ಸಹಿ ಹಾಕಿ ಕಳಿಸಿಯಾಗಿದೆ. ಈಗ ಹದಿನೆಂಟನೇ ಬಾಗಿಲು ತೆಗೆದ್ರೆ ಆ ಕಡೆಯವರು ಏನಂತಾರೆ? ಯಾವಾಗ ತೆರೆಯತ್ತೋ ಅದೂ ಗ್ಯಾರಂಟಿ ಇಲ್ಲ. ಅರ್ಧಂಬರ್ಧ ತೆರೆದು ಐದು ಗಂಟೆ ಹೊಡೆದ್ರೆ, ಯಾರಿಗೂ ಕಾಣದೇ ಇದ್ದದ್ದು ಎಲ್ಲರಿಗೂ ಕಾಣೋ ಹಾಗಾಗತ್ತೆ. ಮುಚ್ಚೇ ಇರಲಿ ಬಿಡು, ಮ್ಬಾಕ್. ಯಾರು ನೋಡ್ತಾರೆ?"

"ನಾನು ಹುಡುಕಿದ ಹಾಗೆ ಇನ್ನೊಬ್ಬರು ಹುಡುಕ್ತಾರೆ. ಇವತ್ತಲ್ಲದಿದ್ರೆ ಹತ್ತು ವರ್ಷಕ್ಕೆ."

"ಆಗ ನೋಡಿಕೊಂಡ್ರಾಯ್ತು."

"ರೊತುವಾ, 'ಮುಚ್ಚಿಡ್ತೀನಿ' ಅಂತ ನಾನು ಹೇಳಿರಲಿಲ್ಲ. 'ಅಳಿಸ್ತೀನಿ' ಅಂದಿದ್ದೆ. ನಿನ್ನೆ ನನ್ನ ದಾಕ್ಷಿಣ್ಯಕ್ಕೆ ಬೈದವಳು ನೀನೇ. ಇವತ್ತು ನಿಂದು ನುಂಗು. ಬಾಗಿಲು ತೆಗಿ."

ಬಾತಾಕ್ ಹೆಣ್ಣು ಎದುರಾಡಲಿಲ್ಲ. "ಅಬ್ಬಬ್ಬಾ, ಜಾವಾದ ಬೆಕ್ಕಿಗೂ ಉಗುರಿದೆ," ಎಂದು ಗೊಣಗಿ ಮುಖ್ಯ ಬೀಗದ ಕೈಯಿಂದ ಒಳಹೊಕ್ಕು ಜಕಾರ್ತಾ ವಲಯವನ್ನು ತೆರೆಯಲು ಹಚ್ಚಿದಳು. 'ತೆರೆಯುತ್ತಿದೆ, ಕೆಲವು ಗಂಟೆ ಹಿಡಿಯಬಹುದು' ಎಂದಿತು ಪರದೆ.

ಶುಕ್ರವಾರ ಎಂಟಕ್ಕೂ ಅದೇ ಮಾತು. ಒಂಬತ್ತೂವರೆಗೂ ಅದೇ. ಗಂಡಸರು ಮಸೀದಿಗೆ ಹೊರಟ ಹೊತ್ತಿಗೆ, ಹನ್ನೊಂದೂ ಮುಕ್ಕಾಲಿಗೆ, ಬಾಗಿಲು ತೆರೆಯಿತು. ವುರ್ಯಾನಿ ಅಲ್ಲಿಯೂ ಸೂಚಿ ಚಾಲೂ ಮಾಡಿದಳು. ಅದು ಬರೆದುಕೊಂಡು ಮುಗಿಸುವವರೆಗೆ ಕಾಯದೆ, ನೇರವಾಗಿ ಆ ವಲಯವನ್ನೇ ಕೇಳಿದಳು: ಡಿಸ್ಕಿನ ಪ್ರತಿಗಳು ಎಷ್ಟಿವೆ?

ಒಂದು. ಗುರುತುಚೀಟಿ ಇಲ್ಲ. ತಾರೀಖನ್ನು ಹಳೆಯ ಕ್ಯಾಲೆಂಡರಿಗೆ ಹಿಡಿದು ನೋಡಿದಳು: ಸೆಲಾಸಾ ಕ್ಲಿವೊನ್.

ಅಳಿಸು ಎಂದಳು. ಆಗದು, ಬಳಕೆಯಲ್ಲಿದೆ ಎಂದಿತು.

"ಯಾರ ಬಳಕೇಲಿ? ದೆವ್ವದ್ದಾ?" ಎಂದು ಹಿಂದಿನಿಂದ ರೊತುವಾ ಬಗ್ಗಿ ನೋಡಿದಳು.

ಮುದುಕರು ಆ ಪ್ರತಿಯ ಮೇಲೆ ಒಂದು ಯಂತ್ರದ ಅಚ್ಚನ್ನೂ, ಬೇಕಾದಾಗ ಅದರಿಂದ ಹೊಸ ಯಂತ್ರ ಎಬ್ಬಿಸಲೆಂದು, ಮಾಡಿಟ್ಟಿದ್ದರು. ಅಚ್ಚು ಇರುವತನಕ ಅದರ ಬುಡವನ್ನು ಅಲುಗಿಸಲಾಗದು. ವುರ್ಯಾನಿ ಮೊದಲು ಅಚ್ಚನ್ನು ಪಟ್ಟಿಯಿಂದ ಕಿತ್ತಳು. ಮತ್ತೆ ಅಳಿಸು ಎಂದಳು. ಈ ಸಲ ಅದು ಏನೂ ಹೇಳಲಿಲ್ಲ. ಮತ್ತೆ ಕೇಳಿದಳು: ಎಷ್ಟಿವೆ? ಸೊನ್ನೆ.

ಅಷ್ಟಕ್ಕೆ ಎದ್ದೇಳಲಿಲ್ಲ. ಪ್ರೋಗ್ರಾಮಿನ ಮೊದಲ ಸಾಲು ತಿದ್ದಿ, ಮುಚ್ಚಿದ ಬಾಗಿಲುಗಳನ್ನೂ ಎಣಿಸು ಎಂದು ಬರೆದಳು. ಮುಚ್ಚಿದವು ಇನ್ನೂ ಹಲವಿದ್ದವು; ಅವ್ಯಾವುದನ್ನೂ ಸಂಘ ಯಾವತ್ತೂ ತೆರೆದಿರಲಿಲ್ಲವೆಂದು ಖಾತೆಯ ಹಳೆಯ ದಿನಚರಿ ತೆಗೆದು ಒಂದೊಂದಾಗಿ ನೋಡಿದಳು. ತೆರೆದಿದ್ದ ಹದಿನೆಂಟನ್ನೂ ಮೊದಲಿನಿಂದ ಹುಡುಕಿಸಿದಳು. ಹದಿನೆಂಟು ಸೊನ್ನೆ. ಗಡಿಯಾರದಲ್ಲಿ ಆಗ ಮೂರು ಹತ್ತು.

ರೊತುವಾ ತನ್ನ ಬಳಿ ಉಳಿದ ಪತ್ರದ ನಕಲಿನಲ್ಲಿ ಹದಿನೇಳನ್ನು ಹೊಡೆದು ಹದಿನೆಂಟು ಎಂದು ಬರೆದು ಸಹಿ ಹಾಕಿ ಮತ್ತೆ ಕಳಿಸಿದಳು. "ಹೋಗು ಮ್ಬಾಕ್. ಇಲ್ಲಿದು ನಾನು ನೋಡ್ಕೊತೀನಿ. ತಿಂಡಿ ಏನಾದ್ರೂ ಕೊಟ್ರೆ ನಂಗೂ ಕಟ್ಟಿಸ್ಕೊಂಡು ಬಾ."

ಲಾಸ್ಮಿಯ ಗಲ್ಲಿಯಲ್ಲಿ ಎಳೆಯ ತೆಂಗಿನಗರಿಯ ಚಪ್ಪರ ಎದ್ದಿತ್ತು. ಮದುಮಗಳ ಹೂನೀರಿನ ಸ್ನಾನ ಆಗಷ್ಟೇ ಮುಗಿದು, ಅಂಗಳದಲ್ಲಿ ದಾವೆತ್ ಮಾರುವ ಶಾಸ್ತ್ರ ನಡೆದಿತ್ತು. ಹೆತ್ತವಳು ತೆಂಗಿನಹಾಲಿನ ಪಾನಕ ಹಂಚಬೇಕು, ಬಂದವರು ಮಡಕೆಯ ಚೂರು ಕೊಟ್ಟು ಕೊಳ್ಳಬೇಕು. ಗಂಡನಿಲ್ಲದ ಲಾಸ್ಮಿಗೆ ಅವಳ ತಮ್ಮನೇ ಕೊಡೆ ಹಿಡಿದು ನಿಂತಿದ್ದ.

"ಜೋರಾಗಿ ಕೂಗಕ್ಕಾ, ವ್ಯಾಪಾರ ಆಗೋದು ಬೇಡವಾ?" ಎಂದು ಅವನು ಛೇಡಿಸಿದ.

"ನೀನು ಕೊಡೆ ನೆಟ್ಟಗೆ ಹಿಡಿ, ನನ್ನ ಅರ್ಧ ತಲೆ ಬಿಸಿಲಲ್ಲಿದೆ," ಎಂದು ಗದರಿದ ಲಾಸ್ಮಿ, ಸಾಲಿನಲ್ಲಿ ವುರ್ಯಾನಿಯನ್ನು ಕಂಡಳು. ಸೌಟು ಗಡಿಗೆಯೊಳಗೇ ನಿಂತಿತು.

ಒಳಗಿನಿಂದ ಕಿನಾಂತಿಯ ನಗು ಕೇಳುತ್ತಿತ್ತು. ವುರ್ಯಾನಿ ಚೂರನ್ನು ಲಾಸ್ಮಿಯ ಅಂಗೈಗೆ ಹಾಕಿ, ಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ ಹೇಳಿದಳು.

"ನಿಮ್ಮ ದನಿ, ಅದರ ನಾಲ್ಕೂ ಪ್ರತಿ ಹೋಯ್ತು, ಬು. ಎಲ್ಲೂ ಇಲ್ಲ. ನಾನೇ ನೋಡಿ ಬಂದಿದ್ದೀನಿ."

ಲಾಸ್ಮಿ ಚೂರನ್ನು ಮುಷ್ಟಿಯಲ್ಲಿ ಹಿಡಿದಳು. ಆಮೇಲೆ ಲೋಟದ ತುಂಬ ಪಾನಕ ಬಗ್ಗಿಸಿದಳು. ಅದು ತುಳುಕಿ ಇಬ್ಬರ ಕೈಯೂ ತೊಯ್ದಿತು. "ಕುಡೀರಿ ಮ್ಬಾಕ್, ಬಿಸಿಲಲ್ಲಿ ಬಂದಿದ್ದೀರಿ," ಎಂದಷ್ಟೇ ಅಂದು ಹಿಂದಿನವರ ಕಡೆ ತಿರುಗಿ, "ಬನ್ನಿ, ಬನ್ನಿ, ದಾವೆತ್!" ಎಂದು ಕೂಗಿದಳು.

ಐದು ಗಂಟೆಗೆ ಖಾತೆ ಕೈ ಬದಲಾಯಿತು. ವುರ್ಯಾನಿ ಕೊಟ್ಟ ಮಾತು ಉಳಿಸಿಕೊಂಡಿದ್ದಳು.