ಮೋಶೆಯ ಎಡಗೈ

ಅಣ್ಣ ಮಹೇಶಕುಮಾರನ ಫೋನು ನಿಂತು ನಾಲ್ಕು ದಿನವಾಗಿತ್ತು. ಅವನಿದ್ದ ಗಡಿಯಲ್ಲಿ ಶೆಲ್ ಬೀಳುತ್ತಿರುವುದನ್ನು ಟಿವಿಯವರು ಕ್ರಿಕೆಟ್ ಕಾಮೆಂಟರಿಯ ಹಾಗೆ ಹೇಳುತ್ತಿದ್ದರು. ಅವ್ವ ಟಿವಿ ಬಂದ್ ಮಾಡಿಸಿದ್ದಳು.

ಆ ಭಾನುವಾರ ಜೇವರ್ಗಿಯ ನಮ್ಮ ಚರ್ಚಿನಲ್ಲಿ ಪಾಸ್ಟರು ವಿಮೋಚನಕಾಂಡ ಓದಿದರು. ಅಮಾಲೇಕ್ಯರ ಜೊತೆ ಯುದ್ಧ. ಗುಡ್ಡದ ಮೇಲೆ ಮೋಶೆ ಕೈ ಎತ್ತಿದ್ದರೆ ಇಸ್ರಾಯೇಲ್ಯರಿಗೆ ಗೆಲುವು, ಇಳಿಸಿದರೆ ವೈರಿಗಳಿಗೆ. ಕೈ ಸೋತಾಗ ಅವನನ್ನು ಕಲ್ಲಿನ ಮೇಲೆ ಕೂಡಿಸಿ, ಒಂದು ಕೈ ಆರೋನ, ಇನ್ನೊಂದು ಹೂರ ಹಿಡಿದು, ಹೊತ್ತು ಮುಳುಗುವವರೆಗೆ ನಿಂತರು.

ಪಾಸ್ಟರು ಪ್ರತಿ ಸಾಲಿನ ಬಾಲ ಹಿಡಿದು ಎಳೆಯುವವರು. ಮನೆಗೆ ಬಂದು ನಾನು ಆ ದನಿ ತೆಗೆದರೆ ಅವ್ವ ನಗುತ್ತಲೇ ಬೈಯುತ್ತಿದ್ದಳು. ಅವತ್ತೂ ತೆಗೆದೆ. ನಗಲಿಲ್ಲ, ಬೈಯಲೂ ಇಲ್ಲ. ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಎರಡೂ ಕೈ ಎತ್ತಿದಳು. ನಮ್ಮ ಕಡೆ ಕೈ ಎತ್ತಿದ ಅಂದರೆ ಸೋತ ಅಂತ ಅರ್ಥ ಎಂದು ಹೇಳಿ ನೋಡಿದೆ. ಅದೂ ನಡೆಯಲಿಲ್ಲ.

ಅರ್ಧ ತಾಸಿಗೆ ಕೈ ನಡುಗತೊಡಗಿದವು. ನಾನು ಎಡಗೈ ಹಿಡಿದೆ. ಪಕ್ಕದ ಮನೆಯ ಖಾಸೀಂಬಿ ಹೆಪ್ಪಿಗೆ ಮೊಸರು ಕೇಳಲು ಬಂದವಳು ಇದೇನೆಂದು ವಿಚಾರಿಸಿದಳು. ಹೇಳಿದೆ. ನಮ್ಮ ಮೂಸಾ ನಬೀನೇ ಅಲ್ಲೇನು ಎಂದು ಬಟ್ಟಲು ಕೆಳಗಿಟ್ಟು ಬಲಗೈ ಹಿಡಿದಳು.

ಮೂರು ದಿನ ಹೀಗೇ ನಡೆಯಿತು. ಊಟದ ಹೊತ್ತಿಗೆ ನಾನೇ ತುತ್ತು ಮಾಡಿ ಹಾಕುತ್ತಿದ್ದೆ. ಕೈಗೆ ಮೊದಲು ಜೋಮು ಹಿಡಿಯುತ್ತದೆ, ಆಮೇಲೆ ಜೋಮು ಹಿಡಿದದ್ದೂ ತಿಳಿಯುವುದಿಲ್ಲ. ಮೂರನೆಯ ದಿನ ಸಂಜೆ ಐದಕ್ಕೆ ಖಾಸೀಂಬಿ ನಮಾಜಿಗೆಂದು ಮನೆಗೆ ಹೋದಾಗ, ಅವ್ವ ನನ್ನ ಮುಖ ನೋಡಿ, ಕೈ ಇಳಿಸಿ, ಎದ್ದು ಹೋಗಿ ಚಹಾ ಮಾಡಿ ತಂದಳು. ಹತ್ತು ನಿಮಿಷ ಅಷ್ಟೇ.

ಮರುದಿನ ಅಣ್ಣನ ಜೊತೆಗಾರನೊಬ್ಬನ ಫೋನು ಬಂತು. ಅಂಗಳಕ್ಕೆ ಹೋಗಿ ಮಾತಾಡಿದೆ. ಜೀವ ಉಳಿದಿದೆ, ಎಡಗಾಲು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ, ಇನ್ನೊಂದು ಆಪರೇಷನ್ ಬಾಕಿ ಇದೆ. ಶೆಲ್ ಬಿದ್ದದ್ದು ಯಾವಾಗ ಎಂದು ನಾನ್ಯಾಕೆ ಕೇಳಿದೆನೋ. ನಿನ್ನೆ ಸಂಜೆ, ಐದೂ ಐದು ಎಂದ.

ಒಳಗೆ ಬಂದು ಮತ್ತೆ ಎಡಗೈ ಹಿಡಿದುಕೊಂಡು ಕಾಲಿನ ಸುದ್ದಿ ಹೇಳಿದೆ. ಅವ್ವ ಅಳಲಿಲ್ಲ.

"ಎಷ್ಟ್ ಗಂಟೆಕ್ಕ ಆತಂತ?"

ಐದು ಎಂದರೆ ತಪ್ಪು ಅವಳದಾಗುತ್ತಿತ್ತು. ಬೇರೆ ಯಾವ ಹೊತ್ತು ಹೇಳಿದರೂ ಅವಳ ಕೈ ಮೇಲೇ ಇದ್ದವು, ತಪ್ಪು ದೇವರದಾಗುತ್ತಿತ್ತು. ಆಪರೇಷನ್ ಇನ್ನೂ ಒಂದಿತ್ತು. ಅವಳಿಗೆ ದೇವರು ಬೇಕಾಗಿದ್ದ.

"ನಿನ್ನಿ ಮುಂಜಾನಿ ಹನ್ನೊಂದಕ್ಕಂತ."

"ಆಗ ನನ್ನ ಕೈ ಮ್ಯಾಲೇ ಇದ್ದವಲ್ಲೋ ಸುನೀಲ."

"ಬಲಗೈ ಇತ್ತವ್ವ. ಎಡಗೈ ನಾ ಹಿಡಿದಿದ್ದೆ. ಮೊಬೈಲ್ ನೋಡಕೋತ ಸ್ವಲ್ಪ ಕೆಳಗ ಬಿಟ್ಟಿದ್ದೆ. ಜೋಮು ಹಿಡಿದಿತ್ತಲ್ಲ, ನಿನಗ ಗೊತ್ತಾಗಿಲ್ಲ."

ಖಾಸೀಂಬಿ ನನ್ನನ್ನು ನೋಡಿದಳು. ಹನ್ನೊಂದಕ್ಕೆ ಅವಳು ಅಲ್ಲೇ ಇದ್ದಳು, ನಾನು ಬಿಟ್ಟಿರಲಿಲ್ಲ ಎಂಬುದು ಅವಳಿಗೆ ಗೊತ್ತು. ತಾನು ಹಿಡಿದಿದ್ದ ಬಲಗೈಯನ್ನು ಇನ್ನಷ್ಟು ಮೇಲೆತ್ತಿದಳು.

ಅವ್ವ ಎಡಗೈಯನ್ನು ನನ್ನಿಂದ ಬಿಡಿಸಿಕೊಂಡಳು. ಸಿಟ್ಟು ಇರಲಿಲ್ಲ, ಮೊಳೆಗೆ ಸಿಕ್ಕ ಸೆರಗು ಬಿಡಿಸಿಕೊಳ್ಳುವ ಹಾಗೆ.

"ಖಾಸೀಂಬಿ, ನಿನ್ನ ಸೊಸೀಗಿ ಕರೀಬೇ," ಎಂದಳು. "ಇವಗ ಸಾಕಾಗ್ಯಾದ."

ಸೊಸೆ ಶಮ್ಸುನ್ನಿಸಾ ಕೈ ಒರೆಸಿಕೊಳ್ಳುತ್ತ ಬಂದಳು. ನಾನು ಎದ್ದು ಅವಳಿಗೆ ಜಾಗ ಬಿಟ್ಟೆ.