ಸೂಜಿಯ ಇನ್ನರ್ಧ

ನಮ್ಮ ಹೊಲಿಗೆ ಅಂಗಡಿಯಲ್ಲಿ ಅಪ್ಪನ ಕಾಲದ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಸೂಜಿ ಮುರಿದರೆ ಎರಡೂ ತುಂಡು ಕೈಗೆ ಸಿಗುವವರೆಗೆ ಯಂತ್ರ ತುಳಿಯುವಂತಿಲ್ಲ. ಅವತ್ತು ತಮ್ಮನ ಯಂತ್ರದ ಸೂಜಿ ಮುರಿಯಿತು. ಮೇಲಿನ ತುಂಡು ಸಿಕ್ಕಿತು, ಮೊನೆ ಸಿಗಲಿಲ್ಲ. ಅವನು ಹೊಲಿಯುತ್ತಿದ್ದದ್ದು ಆರು ತಿಂಗಳ ಕೂಸಿನ ಅಂಗಿ. ಸಂಜೆ ಐದಕ್ಕೆ ಅದರ ತಾಯಿ ಬರುವವಳಿದ್ದಳು.

ಗುಂಡಿಯ ಕಾಜ ಹೊಲಿಯುತ್ತಿದ್ದ ನಾನು ಅದನ್ನು ಬಿಟ್ಟು ಎದ್ದೆ. ಆಯಸ್ಕಾಂತ ಹಿಡಿದು ನೆಲವೆಲ್ಲ ಹುಡುಕಿದೆ, ಅಂಗಿಯ ಹೊಲಿಗೆಯನ್ನೆಲ್ಲ ಬಿಚ್ಚಿದೆ. ಬರಿಗಾಲಿಗೆ ಮಾತ್ರ ಯಂತ್ರದ ನಾಡಿ ಸಿಗುತ್ತದೆ ಎನ್ನುವ ತಮ್ಮ ಅತ್ತಿಂದಿತ್ತ ಓಡಾಡುತ್ತ, ಎಲ್ಲೋ ಹಾರಿರುತ್ತೆ, ಸುಮ್ಮನೆ ತಲೆ ತಿನ್ನಬೇಡ ಎಂದ. ಬೈಯಬೇಕೆಂದು ತಲೆ ಎತ್ತಿದವಳು ನೆಲ ನೋಡಿದೆ. ಅವನು ಹೆಜ್ಜೆ ಇಟ್ಟಲ್ಲೆಲ್ಲ ಸಾಸಿವೆ ಕಾಳಿನಷ್ಟು ರಕ್ತ.

ಕಾಲು ಎತ್ತಿಸಿದೆ. ಮೊನೆ ಅಂಗಾಲಿನಲ್ಲಿ ಪೂರ್ತಿ ಹೂತು ಕೂತಿತ್ತು.

"ಗೊತ್ತೇ ಆಗ್ಲಿಲ್ವಲ್ಲಕ್ಕ," ಎಂದ.

ಕೂಸು ಬಚಾವಾಯಿತೆಂಬ ಸಮಾಧಾನ ಒಂದು ಗಳಿಗೆಯೂ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಮೊನೆ ತೆಗೆದ ಡಾಕ್ಟರಮ್ಮ ಒಂದೊಂದೇ ಕೇಳುತ್ತ ಹೋದರು. ಸಕ್ಕರೆ ಕಾಯಿಲೆ ಬಂದು ಆರು ವರ್ಷ ಎಂದ ತಮ್ಮ. ಹನ್ನೆರಡು ಎಂದು ನಾನು ತಿದ್ದಿದೆ. ಮಾತ್ರೆ ತಪ್ಪಿಸುವುದಿಲ್ಲ ಎಂದ; ಮರೆಯದ ದಿನವೇ ಇಲ್ಲ ಎಂದೆ. ಸಿಗರೇಟು ಬಿಟ್ಟಾಯಿತು ಎಂದಾಗ ಅವನ ಜೇಬನ್ನು ಬರೀ ನೋಡಿದೆ, ಅದರ ಮೇಲೆ ಕೈ ಇಟ್ಟುಕೊಂಡ. ಮುಂದೆ ಬಂದ ಹೊಟ್ಟೆಯ ವಿಷಯ ಯಾರೂ ಕೇಳಬೇಕಿರಲಿಲ್ಲ. ರಕ್ತದೊತ್ತಡ, ಕೊಬ್ಬು ಎರಡೂ ಏರಿದ್ದವು, ಏಳರೊಳಗಿರಬೇಕಾದ ಮೂರು ತಿಂಗಳ ಸಕ್ಕರೆಯ ಸರಾಸರಿ ಹತ್ತು ದಾಟಿತ್ತು. ಇವೆಲ್ಲ ಒಟ್ಟಾದರೆ ನರಗಳು ಸದ್ದಿಲ್ಲದೆ ಸಾಯುತ್ತವೆ, ಮೊದಲು ಪಾದದಲ್ಲಿ, ಎಂದರು ಡಾಕ್ಟರಮ್ಮ. ಆಮೇಲೆ ಹುಣ್ಣಾದರೂ ತಿಳಿಯದು. ಹಾಗೇ ಕಾಲು ಕಳೆದುಕೊಂಡವರನ್ನು ಅವರು ಕಂಡಿದ್ದರಂತೆ.

"ನನ್ನ ಕಾಲು ಚೆನ್ನಾಗೇ ಇದೆ. ಬೇಕಾದ್ರೆ ಪರೀಕ್ಷೆ ಮಾಡಿ," ಎಂದ ತಮ್ಮ.

ನರ್ಸು ನೈಲಾನ್ ಎಳೆಯೊಂದನ್ನು ತಂದಳು. ಕಣ್ಣು ಮುಚ್ಚಿಕೊಂಡು, ಎಳೆ ಸೋಕಿದಾಗಲೆಲ್ಲ ಹೂಂ ಅನ್ನಬೇಕು. ಅಭ್ಯಾಸಕ್ಕೆಂದು ಮೊದಲು ಮಣಿಕಟ್ಟಿಗೆ ನಾಲ್ಕು ಸಲ ಸೋಕಿಸಿದಳು, ಒಂದೇ ಅಂತರ ಬಿಟ್ಟು. ಆಮೇಲೆ ಪಾದಕ್ಕೆ. ಹೂಂ ಎಂದ. ಹೆಬ್ಬೆರಳಿಗೆ, ಹೂಂ. ಹಿಮ್ಮಡಿಗೆ, ಹೂಂ. ಒಂದೂ ತಪ್ಪಲಿಲ್ಲ. ಹೋದ ಜೀವ ಬಂದಂತಾಯಿತು ನನಗೆ.

ಎಂಟನೆಯದಕ್ಕೆ ಕಿವಿ ನಿಮಿರಿತು. ಆ ಹೂಂಗಳ ನಡುವಿನ ಅಂತರ ನನಗೆ ಗೊತ್ತಿದ್ದದ್ದೇ. ಮೂವತ್ತು ವರ್ಷ ಯಂತ್ರ ತುಳಿದವನ ಲಯ ಅದು, ಅಳತೆ ತಪ್ಪುವುದಿಲ್ಲ. ಮಣಿಕಟ್ಟಿಗೆ ಸೋಕಿದ ಅಂತರ ಹಿಡಿದು ಅವನು ಎಣಿಸುತ್ತಿದ್ದ. ನರ್ಸಿಗೂ ಅನುಮಾನ ಬಂದಿರಬೇಕು. ಎಳೆಯನ್ನು ತಟ್ಟೆಯಲ್ಲಿಟ್ಟು ಕೈಕಟ್ಟಿ ನಿಂತಳು.

"ಹೂಂ," ಎಂದ ತಮ್ಮ. ತುಸು ಬಿಟ್ಟು ಮತ್ತೆ, "ಹೂಂ."

ಅವನ ಮುಖದಲ್ಲಿ ಗೆದ್ದವನ ನಗು. ಅವನ ಕೈ ಹಿಡಿದೆ.

"ಸಾಕು ಬಿಡೋ. ಯಾರೂ ಮುಟ್ತಾ ಇಲ್ಲ."

ಅವನು ಕಣ್ಣು ಬಿಡಲಿಲ್ಲ. ಕಾಲನ್ನು ಮಾತ್ರ ಮೆಲ್ಲಗೆ ಒಳಗೆಳೆದುಕೊಂಡ.