ತಿಮೋಕುಪ್ರಳ ಗೋರಿಕಲ್ಲು

೧. ಎಲ್ಲಿಂದ ಶುರು ಮಾಡಲಿ? ಎಡದಿಂದ, ಅಂತೀರಿ. ನಿಮಗೇನು, ಕನ್ನಡ ಓದುವವರು. ಸೈಪ್ರಸ್ಸಿನ ನಮ್ಮ ಮರಿಯೋನ್ ಊರಿನಲ್ಲಿ ಗ್ರೀಕನ್ನು ಬಲದಿಂದ ಬರೆಯುತ್ತೇವೆ, ‘ತಿ’, ‘ಮೋ’, ‘ಕು’ ಎಂದು ಒಂದೊಂದು ಗುಣಿತಾಕ್ಷರಕ್ಕೂ ಒಂದೊಂದು ಗುರುತು ಹಾಕಿ. ಈಗಿನವರು ಮಾತ್ರ ಆಲ್ಫಾ, ಬೀಟಾ ಎಂದು ಎಡದಿಂದ ಹೊರಡುವ ಹೊಸ ಲಿಪಿ ಕಲಿತು, ಹಳೆಯದನ್ನು ಕಂಡರೆ ಕೋಳಿ ಕೆದರಿದ್ದು ಎನ್ನುತ್ತಾರೆ.

(ಮೊದಲ ಡ್ರಾಫ್ಟಿನಲ್ಲಿ ಇಲ್ಲೊಬ್ಬ ರಾಜ ಇದ್ದ. ತೆಗೆದೆ. ಸುಮ್ಮನೆ ಜಾಗ ತಿನ್ನುತ್ತಿದ್ದ.)

೨. ತಿಮೋಕುಪ್ರ ಮುದುಕಿ. ಕಣ್ಣು ಮಂಜು, ಬಾಯಿ ಚುರುಕು. ತನ್ನ ಗೋರಿಕಲ್ಲನ್ನು ತಾನೇ ಮಾಡಿಸುತ್ತಿದ್ದಾಳೆ. ನಮ್ಮಲ್ಲಿ ಕಲ್ಲು ‘ನಾನು ಇಂಥವಳದು’ ಎಂದು ತಾನೇ ಮಾತಾಡುತ್ತದೆ. ದಾರಿಹೋಕರು ನಿಂತು ಗಟ್ಟಿಯಾಗಿ ಓದಬೇಕು. ಓದುವವರಿಲ್ಲದಿದ್ದರೆ ಸತ್ತವಳು ಮೂಕಿ. ಮುದುಕಿಗೆ ಸಾವಿನ ಭಯವಿಲ್ಲ, ಇದರದ್ದೇ ಭಯ.

“ಹಳೇ ಲಿಪೀಲಾದ್ರೆ ಬೆರಳಿಟ್ಟು ನಾನೇ ಓದ್ಕೋತೀನಿ. ಆಮೇಲೆ ಯಾರು ಓದ್ತಾರೆ?” ಎಂದಳು.

“ಹೊಸದ್ರಲ್ಲಿ ಕೆತ್ತಿಸು ಅಜ್ಜಿ, ಊರೆಲ್ಲಾ ಓದುತ್ತೆ,” ಎಂದಳು ಮೊಮ್ಮಗಳು ಫಿಲಿಸ್ತ.

“ಅದ್ರಲ್ಲಿ ‘ನಾನೊಂದು ಕತ್ತೆ’ ಅಂತ ಕೆತ್ತಿದ್ರೂ ನಂಗೆ ಗೊತ್ತಾಗಲ್ವಲ್ಲೇ!”

(ಎರಡೂ ಲಿಪಿಯಲ್ಲಿ ಕೆತ್ತಿಸಿ ಕಥೆ ಮುಗಿಸೋಣ ಎಂದೆ. “ಮೊಳ ಅಗಲ ಇಲ್ಲ ಕಲ್ಲು, ಎರಡೆರಡು ಸಲ ಎಲ್ಲಿ ಹಿಡಿಸುತ್ತೆ? ದೊಡ್ಡ ಕಲ್ಲು ನಿಮ್ಮಪ್ಪ ಹೊತ್ಕೊಂಡ್ ಬರ್ತಾನಾ?” ಎಂದು ಮುದುಕಿ ನನ್ನ ಮೇಲೇ ಹರಿಹಾಯ್ದಳು.)

೩. ಕೊನೆಗೆ ಹೊಸ ಲಿಪಿಯೇ ಆಯಿತು. ಕೆತ್ತಿದವನು ಮುದುಕ ಸ್ತಸಿಯಾಸ್, ಜೀವಮಾನವೆಲ್ಲ ಹಳೆಯದನ್ನೇ ಕೆತ್ತಿದ ಕೈ. ಕಲ್ಲು ಬಂತು. ಫಿಲಿಸ್ತ ನೋಡಿದವಳೇ ಬಾಯಿ ಮೇಲೆ ಕೈಯಿಟ್ಟಳು. ಹೊಸ ಅಕ್ಷರಗಳೇನೋ ಸರಿ. ಆದರೆ ರೂಢಿ ಬಿಡದೆ ಬಲದಿಂದ ಶುರು ಮಾಡಿಬಿಟ್ಟಿದ್ದ. ಎಡದಿಂದ ಓದುವವರಿಗೆ ಹೆಸರು ಹಿಂದುಮುಂದು.

“ಓದೇ,” ಎಂದಳು ಅಜ್ಜಿ.

೪ (ಅ). ಫಿಲಿಸ್ತ ಸುಳ್ಳು ಹೇಳುತ್ತಾಳೆ. ಅಜ್ಜಿ ನೆಮ್ಮದಿಯಿಂದ ಸಾಯುತ್ತಾಳೆ. (ಛೆ, ಸಿಹಿ ಜಾಸ್ತಿಯಾಯಿತು.)

೪ (ಆ). ಸ್ತಸಿಯಾಸ್ ಬಂದು ಕಾಲಿಗೆ ಬೀಳುತ್ತಾನೆ. (ಮಂಡಿನೋವಂತೆ, ಒಪ್ಪುತ್ತಿಲ್ಲ.)

೪ (ಇ). “ಅಜ್ಜೀ, ಹಿಂದುಮುಂದು ಕೆತ್ತಿಟ್ಟಿದಾನೆ ಹಾಳು ಮುದುಕ,” ಎಂದು ಫಿಲಿಸ್ತ ಅತ್ತೇಬಿಟ್ಟಳು. “ಒಡೆದು ಬೇರೆ ಮಾಡ್ಸೋಣ.”

ತಿಮೋಕುಪ್ರ ಕಲ್ಲಿನ ಬಲತುದಿಗೆ ಬೆರಳಿಟ್ಟಳು. ಒಂದಕ್ಷರವೂ ತಿಳಿಯಲಿಲ್ಲ. ಆದರೂ ಎಡತುದಿಯವರೆಗೆ ಸವರಿದಳು.

“ಬಿಡೇ. ಸಲೀಸಾಗಿದ್ರೆ ಓದ್ಕೊಂಡು ಹೋಗ್ತಾನೇ ಇರ್ತಾರೆ. ಹೀಗಿದ್ರೆ ತಲೆ ಕೆರ್ಕೊಂಡು ಒಂಚೂರು ಹೊತ್ತು ನನ್ನ ಹತ್ರ ನಿಂತಿರ್ತಾರೆ.”

ಹಾಗಾದರೆ ಇಲ್ಲಿಗೆ ಮುಗಿಸಲೇ ಎಂದು ಕೇಳಿದೆ.

“ನಿಂಗೇನಪ್ಪ ಅವಸರ?” ಎಂದಳು.